ಸಂಖ್ಯೆಯ ಜಾತಕ ಜಾಲಾಡುವ ಆ್ಯಪ್: 4294967297 ಹಾಕಿ ನೋಡಿದೆ

ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಐದನೆಯದು ಯಾಕಿಲ್ಲ ಅಂತ ಕೆಳಗೆ ಬರೆದಿದ್ದೇನೆ.

ಒಂದು ಸಂಖ್ಯೆ ಕೊಟ್ಟರೆ ಅದರ ಅಪವರ್ತನ, ಭಾಜಕ ಎಲ್ಲ ತೋರಿಸುವ ಈ ಥರದ ಯಾವ ಆ್ಯಪ್ ಸಿಕ್ಕಿದರೂ ನಾನು ಮೊದಲು ಹಾಕುವುದು 4294967297. ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಬರುವ ಸಂಖ್ಯೆ ಇದು. ಮುಂಚೆ ಬಳಸುತ್ತಿದ್ದ ಒಂದು ಆ್ಯಪ್ 32 ಬಿಟ್‌ನಲ್ಲಷ್ಟೇ, ಅಂದರೆ 32 ಬೈನರಿ ಅಂಕಿಗಳಲ್ಲಷ್ಟೇ, ಲೆಕ್ಕ ಇಡುತ್ತಿತ್ತು ಅಂತ ಕಾಣುತ್ತದೆ, ಮೇಲಿನ ಬಿಟ್ ಬಿದ್ದುಹೋಗಿ ಉತ್ತರ ಬರೀ 1 ಅಂತ ತೋರಿಸಿತು. 429 ಕೋಟಿ ಚಿಲ್ಲರೆ ಎಲ್ಲಿ, ಒಂದು ಎಲ್ಲಿ! ಅವತ್ತೇ ತೆಗೆದುಹಾಕಿದೆ.

ಇದು ಹಾಗಲ್ಲ. ಒತ್ತಿದ ತಕ್ಷಣ 641 × 6700417 ಅಂತ ಬಂತು. ಎರಡರ 1, 2, 4, 8, 16ನೇ ಘಾತಕ್ಕೆ ಒಂದು ಕೂಡಿಸಿದರೆ ಬರುವ 3, 5, 17, 257, 65537 ಎಲ್ಲವೂ ಅವಿಭಾಜ್ಯ, ಹಾಗಾಗಿ ಇದೇ ಸಾಲಿನ ಮುಂದಿನದಾದ ಈ ಸಂಖ್ಯೆಯೂ ಅವಿಭಾಜ್ಯವೇ ಅಂತ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 641ನ್ನು ಹುಡುಕಿ ಆ ನಂಬಿಕೆ ಮುರಿದರು. ನನಗೆ ತುಂಬಾ ಇಷ್ಟವಾಗಿದ್ದು ಹಂತ ತೋರಿಸುವ ಬಟನ್. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದು 64ರ ಮಗ್ಗಿಯಲ್ಲಿ ಬರುವ ಸಂಖ್ಯೆಗಿಂತ ಒಂದು ಜಾಸ್ತಿ ಇರಲೇಬೇಕು. ಅಂದರೆ 193, 257, 449, 577 ನೋಡಿದರೆ ಸಾಕು, ಐದನೆಯದೇ 641. ಕಾಗದದ ಮೇಲೂ ಮಾಡಬಹುದು, ಅಲ್ವಾ?

ಈಗ ಕೊರತೆ. ಎರಡು ವರ್ಗಗಳ ಮೊತ್ತ ಅಂತ ಕೇಳಿದರೆ 65536² + 1² ಅಂತ ಒಂದನ್ನೇ ತೋರಿಸಿ ನಿಲ್ಲಿಸುತ್ತದೆ. ಅದು ಎಲ್ಲರಿಗೂ ಗೊತ್ತಿರುವುದೇ. ಇನ್ನೊಂದು ಇದೆ, ಅದನ್ನು ನಾನೇ ಕೂತು ತೆಗೆದೆ. 641 ಅಂದರೆ 25² + 4². 6700417 ಅಂದರೆ 2556² + 409². ಇವನ್ನು ಅಡ್ಡಡ್ಡ ಗುಣಿಸಿದರೆ 25 × 409 = 10225, 4 × 2556 = 10224. ಕಳೆದರೆ 1, ಅದೇ ಆ್ಯಪ್ ತೋರಿಸಿದ 1! ಕೂಡಿದರೆ 20449. ಇನ್ನೊಂದು ಜೋಡಿ 63900 ಮತ್ತು 1636, ಕೂಡಿದರೆ 65536, ಕಳೆದರೆ 62264. ಹಾಗಾಗಿ 62264² + 20449² ಮಾಡಿದರೂ ಅದೇ 4294967297. ಅವಿಭಾಜ್ಯ ಸಂಖ್ಯೆಯನ್ನು ಎರಡು ಬೇರೆ ಬೇರೆ ರೀತಿಯಲ್ಲಿ ಹೀಗೆ ಬರೆಯೋಕೆ ಆಗೋದಿಲ್ಲ. ಅಂದರೆ ಈ ಒಂದು ಸಾಲು ಕೈಲಿದ್ದರೆ, 641ರ ಹೆಸರೇ ಎತ್ತದೆ ಇದು ಅವಿಭಾಜ್ಯ ಅಲ್ಲ ಅಂತ ಹೇಳಿಬಿಡಬಹುದು. ಇಷ್ಟು ಒಳ್ಳೆಯದನ್ನು ಬಿಟ್ಟರೆ ಹೇಗೆ? ಐದನೇ ಸ್ಟಾರ್ ಹೋಗಿದ್ದು ಇದಕ್ಕೇ.

ಭಾಜಕಗಳು ನಾಲ್ಕು, ಅವುಗಳ ಮೊತ್ತ 4301668356, ಸರಿಯಾಗಿಯೇ ಇದೆ. ಬೈನರಿಯಲ್ಲಿ ಎರಡು ತುದಿಗೂ ಒಂದು, ನಡುವೆ 31 ಸೊನ್ನೆ.

ಎಡಗಡೆ ಬಾಣ ಎರಡು ಸಲ ಒತ್ತಿ ನೋಡಿ. 4294967295 ಬರುತ್ತದೆ, ಕೆಳಗೆ 3 × 5 × 17 × 257 × 65537. ಫರ್ಮಾ ಸಾಲಿನ ಆ ಐದೂ ಒಟ್ಟಿಗೇ ಅಲ್ಲಿ ಕೂತಿವೆ.