ಕೈ ಬದಲಾದ ಮೇಲೆ ಈ ಕನ್ನಡ ಚಾನೆಲ್ ಹೆಂಗಿದೆ? ನೋಡುಗರ ಕಡೆಯಿಂದ ಒಂದು ರಿವ್ಯೂ

5ಕ್ಕೆ 2.5 ಕೊಡ್ತೀನಿ, ಅದ್ರಲ್ಲೂ ಜಾಸ್ತಿ ಪಾಲು ಹಳೇ ಟೀಮ್ ಮಾಡಿಟ್ಟು ಹೋಗಿರೋ ಕೆಲ್ಸಕ್ಕೆ. ಚಾನೆಲ್ ಹೆಸ್ರು ಬರೆಯಲ್ಲ, ಯಾಕಂದ್ರೆ ಅಲ್ಲಿ ಇನ್ನೂ ಕೆಲ್ಸ ಮಾಡ್ತಿರೋರು ಇದಾರೆ, ನಾಳೆ ಏನಾಗುತ್ತೋ ಅಂತ ಅವ್ರಿಗೇ ಗೊತ್ತಿಲ್ಲ, ಅದ್ರ ಮೇಲೆ ನಮ್ಮ ರಿವ್ಯೂ ಭಾರ ಬೇರೆ ಬೇಡ. ವರ್ಷಗಟ್ಟಲೆ ಲಾಸಲ್ಲಿ ನಡೀತಿದ್ದ ಮನರಂಜನೆ ಚಾನೆಲ್ ಇದು, ಹೊರಗಿನ ದೊಡ್ಡ ನೆಟ್‌ವರ್ಕ್ ಒಂದು ಕೊಂಡ್ಕೊಳ್ತು, ಲೋಗೋ ಬದಲಾಯ್ತು, ಟೈಟಲ್ ಮ್ಯೂಸಿಕ್ ಬದಲಾಯ್ತು, ಆದ್ರೆ ಮುಂದೆ ಇದು ಸೀರಿಯಲ್ ಚಾನೆಲ್ಲಾಗೇ ಇರುತ್ತಾ, ಬರೀ ಸಿನಿಮಾ ಚಾನೆಲ್ ಆಗುತ್ತಾ, ಇಲ್ಲ ಒಂದಿನ ಬಾಗ್ಲು ಹಾಕುತ್ತಾ ಅಂತ ಯಾರೂ ಬಾಯಿ ಬಿಡ್ತಿಲ್ಲ. ಹಾಗಾಗಿ ಸ್ಕ್ರೀನ್ ಮೇಲೆ ಏನ್ ಬರ್ತಿದೆ ಅನ್ನೋದು ನೋಡಿ ನಾವೇ ಅಂದಾಜು ಮಾಡ್ಬೇಕು. ನಂಗೆ ಕಂಡಿದ್ದು ಬರೀತೀನಿ.

ಚೆನ್ನಾಗಿರೋದು ಮೊದ್ಲು ಹೇಳ್ಬಿಡ್ತೀನಿ. ಪಿಕ್ಚರ್ ಕ್ಲಿಯರ್ ಆಗಿದೆ. ಆಡ್ ಬಂದ ತಕ್ಷಣ ಸೌಂಡ್ ಜಾಸ್ತಿ ಆಗಿ ರಿಮೋಟ್ ಹುಡುಕೋ ಕಾಟ ತಪ್ಪಿದೆ. ಗೈಡಲ್ಲಿ ಏನು ಬರೆದಿದ್ಯೋ ಅದೇ ಟೈಮಿಗೆ ಅದೇ ಪ್ರೋಗ್ರಾಂ ಬರುತ್ತೆ, ಹಳೇ ಮಾಲೀಕರ ಕಾಲದಲ್ಲಿ ಇದಿರ್ಲಿಲ್ಲ. ಮೊಬೈಲ್ ಆ್ಯಪಲ್ಲೂ ಸಿಗುತ್ತೆ. ಇಷ್ಟೇ.

ಈಗ ಸಂಜೆ 6ರಿಂದ ರಾತ್ರಿ 10ರ ತನಕದ ಕಥೆ. ಮನರಂಜನೆ ಚಾನೆಲ್ಲಿನ ಜೀವ ಇರೋದೇ ಆ ನಾಲ್ಕು ಗಂಟೆಲಿ, ಆಡ್ ದುಡ್ಡು ಬರೋದೂ ಅಲ್ಲೇ. ಮುಂಚೆ ಅಲ್ಲಿ ಸಾಲಾಗಿ ಸ್ವಂತ ಸೀರಿಯಲ್ ಇರ್ತಿದ್ವು, ಎಲ್ಲಾ ಚೆನ್ನಾಗಿದ್ವು ಅಂತ ಹೇಳ್ತಿಲ್ಲ, ಆದ್ರೆ ಇಲ್ಲಿನೋರೇ ಬರೆದು ಇಲ್ಲಿನ ಕಲಾವಿದರೇ ಮಾಡಿದ್ದು. ಈಗ ಆರಕ್ಕೆ ಡಬ್ಬಿಂಗ್, ಏಳಕ್ಕೆ ಡಬ್ಬಿಂಗ್, ಮಧ್ಯೆ ಒಂದೋ ಎರಡೋ ಸ್ವಂತದ್ದು, ಒಂಬತ್ತಕ್ಕೆ ಎಲ್ರೂ ನೋಡಿ ಮುಗಿಸಿರೋ ಸಿನಿಮಾ. ಸಹಕಾರಿ ಬ್ಯಾಂಕಲ್ಲಿ ಕೆಲ್ಸ ಮಾಡೋ ಹೆಣ್ಮಗಳೊಬ್ಬಳ ಕಥೆ ಇತ್ತು, ಅಳು ಕಮ್ಮಿ, ಮಾತು ಚೆನ್ನಾಗಿತ್ತು, ಅದನ್ನ ಎಂಟೂವರೆಯಿಂದ ಹತ್ತೂವರೆಗೆ ತಳ್ಳಿದ್ರು, ಆಮೇಲೆ ಸಂಜೆ ಐದೂವರೆಗೆ ತಂದ್ರು, ನೋಡೋರು ಯಾವ ಟೈಮಿಗೆ ಅಂತ ಹುಡುಕೋದು, ಕೊನೆಗೆ ಒಂದೇ ಮಹಾಸಂಚಿಕೆಲಿ ಕೋರ್ಟ್ ಕೇಸು, ಮದ್ವೆ, ಜಗಳ ಆಡಿದ್ದ ಅಣ್ಣ ತಮ್ಮಂದಿರು ಒಂದಾಗೋದು ಎಲ್ಲಾ ಮುಗಿಸಿ ಶುಭಂ ಹಾಕ್ಬಿಟ್ರು. ಮುಂದಿನ ಸೋಮವಾರ ಅದೇ ಜಾಗದಲ್ಲಿ ಡಬ್ಬಿಂಗ್ ಸೀರಿಯಲ್. ಸ್ಲಾಟ್ ಮೂರು ಕಡೆ ಓಡಾಡಿಸಿದ ಮೇಲೆ ಟಿಆರ್‌ಪಿ ಬರ್ಲಿಲ್ಲ ಅಂತ ಸೀರಿಯಲ್ಲನ್ನ ಹೊಣೆ ಮಾಡೋದು ನ್ಯಾಯ ಅಲ್ಲ.

ಡಬ್ಬಿಂಗ್ ಅಂದ ತಕ್ಷಣ ಉರಿದು ಬೀಳೋನಲ್ಲ ನಾನು. 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿ ಆಗದ ಹಾಗೆ ನೋಡ್ಕೊಳೋ ಕೇಂದ್ರದ ಕಾಂಪಿಟಿಷನ್ ಕಮಿಷನ್, ಇಲ್ಲಿನ ಚಿತ್ರರಂಗದ ಸಂಘಗಳು ಕನ್ನಡಕ್ಕೆ ಡಬ್ಬಿಂಗ್ ತಡೆಯೋದು ತಪ್ಪು ಅಂತ ಆರ್ಡರ್ ಮಾಡ್ತು, ಆಮೇಲೆ 2020ರ ಲಾಕ್‌ಡೌನಲ್ಲಿ ಶೂಟಿಂಗೇ ನಿಂತಾಗ ಚಾನೆಲ್‌ಗಳು ಡಬ್ಬಿಂಗ್ ಕಡೆ ಹೋದ್ವು. ಆ ವರ್ಷ ಜೀ ಕನ್ನಡದಲ್ಲಿ ಅಂಬೇಡ್ಕರ್ ಕಥೆ 'ಮಹಾನಾಯಕ' ಬಂದಾಗ ಹಳ್ಳಿ ಹಳ್ಳಿಲಿ ಜನ ತಾವೇ ದುಡ್ಡು ಹಾಕಿ ಫ್ಲೆಕ್ಸ್ ಕಟ್ಟಿದ್ರು, ಅದೂ ಡಬ್ಬಿಂಗೇ. ಒಳ್ಳೇದನ್ನ ಆರಿಸಿ ತಂದು ಮನಸ್ಸಿಟ್ಟು ಕನ್ನಡ ಬರೆಸಿದ್ರೆ ಜನ ನೋಡ್ತಾರೆ. ಈ ಚಾನೆಲಲ್ಲಿ ಆಗ್ತಿರೋದು ಅದಲ್ಲ. ನೆಟ್‌ವರ್ಕ್ ಗೋಡೌನಲ್ಲಿ ಆಗ್ಲೇ ಬಿದ್ದಿರೋ ಸೀರಿಯಲ್ಲಿಗೆ ದನಿ ಕೊಡ್ಸಿ ಸ್ಲಾಟ್ ತುಂಬಿಸ್ತಿದಾರೆ. ಹೊಸ ಸೀರಿಯಲ್ ಅಂದ್ರೆ ಸೆಟ್ಟು, ಕ್ಯಾಮೆರಾ, ಕಲಾವಿದರು, ದಿನಕ್ಕೊಂದು ಎಪಿಸೋಡ್ ರೆಡಿ ಮಾಡ್ಬೇಕು, ಡಬ್ಬಿಂಗಿಗೆ ಒಂದು ರೂಮು, ನಾಲ್ಕಾರು ಜನ ಸಾಕು, ಖರ್ಚಿಗೆ ಹೋಲಿಕೆನೇ ಇಲ್ಲ. ಲಾಸ್ ಇರೋ ಕಂಪನಿ ಕೊಂಡೋರಿಗೆ ಮೊದ್ಲ ವರ್ಷ ಲೆಕ್ಕದಲ್ಲಿ ಖರ್ಚು ಇಳಿದಿದ್ದು ತೋರಿಸೋಕೆ ಇದು ಸುಲಭ ದಾರಿ, ಆದ್ರೆ ಆ ನಾಲ್ಕು ಗಂಟೆ ಒಂದ್ಸಲ ಕೈ ಬಿಟ್ಟೋದ್ರೆ ವಾಪಸ್ ಹಿಡಿಯೋಕೆ ಅದರ ಎರಡರಷ್ಟು ಸುರೀಬೇಕಾಗುತ್ತೆ.

ರಾತ್ರಿ ಬರ್ತಿದ್ದ ಅರ್ಧ ಗಂಟೆ ನ್ಯೂಸೂ ಹೋಯ್ತು. ಕಿರುಚಾಟ ಇಲ್ದೆ ಜಿಲ್ಲೆ ಜಿಲ್ಲೆ ಸುದ್ದಿ ಓದ್ತಿದ್ರು, ಮಳೆ, ಬೆಳೆ, ಡ್ಯಾಮಿನ ನೀರಿನ ಮಟ್ಟ, ವಯಸ್ಸಾದೋರು ಅದಕ್ಕೋಸ್ಕರನೇ ಚಾನೆಲ್ ಹಾಕೋರು. ಯಾಕೆ ತೆಗೆದ್ರು ಅಂತ ಚಾನೆಲ್ ಹೇಳಿಲ್ಲ, ಆದ್ರೆ ರೂಲ್ಸ್ ಹೆಂಗಿದೆ ಅಂತ ಗೊತ್ತಿದ್ರೆ ಒಳ್ಳೇದು. ನಮ್ಮ ದೇಶದಲ್ಲಿ ಚಾನೆಲ್ ಪರ್ಮಿಷನ್ ಎರಡು ಥರ, ನ್ಯೂಸ್ ಇರೋದು, ನ್ಯೂಸ್ ಇಲ್ದಿರೋದು. ನ್ಯೂಸ್ ಇಲ್ದಿರೋ ಚಾನೆಲಲ್ಲಿ ವಿದೇಶಿ ಬಂಡವಾಳ 100 ಪರ್ಸೆಂಟ್ ಇರಬಹುದು, ನ್ಯೂಸ್ ಇದ್ರೆ 49, ಅದಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಹಂಗಾಗಿ ದೊಡ್ಡ ನೆಟ್‌ವರ್ಕ್‌ಗಳು ಮನರಂಜನೆ ಚಾನೆಲ್ ತಗೊಂಡಾಗ ನ್ಯೂಸನ್ನ ಬೇರೆ ಇಡೋದೇ ವಾಡಿಕೆ. ಸುವರ್ಣ ವಿಷಯದಲ್ಲಿ ಇದು ಕಣ್ಣಿಗೆ ಕಾಣೋ ಹಾಗೆ ನಡೀತು, ಮನರಂಜನೆ ಚಾನೆಲ್ ಸ್ಟಾರ್ ಕೈಗೆ ಹೋಗಿ 2016ರಲ್ಲಿ ಸ್ಟಾರ್ ಸುವರ್ಣ ಆಯ್ತು, ಸುವರ್ಣ ನ್ಯೂಸ್ ಬೇರೆ ಮನೇಲೇ ಉಳೀತು.

ಇನ್ನೊಂದು ಉದಾಹರಣೆ ಇಲ್ಲಿ ಹೇಳ್ಲೇಬೇಕು, ಇದನ್ನ ಕೊಂಡಿರೋರೂ ನೋಡ್ಲಿ. ಈಟಿವಿ ಕನ್ನಡ ಶುರುವಾಗಿದ್ದು 2000ದ ಡಿಸೆಂಬರಲ್ಲಿ, ರಾಮೋಜಿ ರಾವ್ ಅವ್ರ ಗ್ರೂಪಿಂದ. 2012ರ ಜನವರಿಲಿ ಟಿವಿ18 ಅನ್ನೋ ಕಂಪನಿ ಇದನ್ನ ಕೊಳ್ಳೋ ಡೀಲ್ ಅನೌನ್ಸ್ ಆಯ್ತು, ಈಟಿವಿಯ ಬೇರೆ ಬೇರೆ ಭಾಷೆ ಚಾನೆಲ್‌ಗಳ ಪಾಲು ಎಲ್ಲಾ ಸೇರಿ ಸುಮಾರು 2 ಸಾವಿರ ಕೋಟಿ, ವ್ಯವಹಾರ ಪೂರ್ತಿ ಮುಗಿಯೋ ಹೊತ್ತಿಗೆ 2014. ಕಲರ್ಸ್ ಕನ್ನಡ ಅಂತ ಹೆಸ್ರು ಬದಲಾಗಿದ್ದು 2015ರ ಏಪ್ರಿಲಲ್ಲಿ. ಈ ಮಧ್ಯದ ಮೂರು ವರ್ಷ ನೋಡಿ, ಇನ್ನೂ ಈಟಿವಿ ಹೆಸ್ರಲ್ಲೇ ಇದ್ದಾಗ 'ಪುಟ್ಟಗೌರಿ ಮದುವೆ' ಬಂತು, 'ಅಗ್ನಿಸಾಕ್ಷಿ' ಬಂತು, 2013ರಲ್ಲಿ ಸುದೀಪ್ ಅವ್ರ ಬಿಗ್ ಬಾಸ್ ಮೊದಲನೇ ಸೀಸನ್ ಬಂತು. ಅಂದ್ರೆ ಮೊದ್ಲು ಸರಕು ತುಂಬಿದ್ರು, ಆಮೇಲೆ ಬೋರ್ಡ್ ಬದಲಾಯಿಸಿದ್ರು. 'ಪುಟ್ಟಗೌರಿ' ಹಿಂದಿ ಕಥೆನೇ, ಆದ್ರೆ ಡಬ್ ಮಾಡ್ಲಿಲ್ಲ, ಇಲ್ಲಿನ ಮನೆ, ಇಲ್ಲಿನ ಮಾತು, ಇಲ್ಲಿನ ಮುಖ ಹಾಕಿ ಹೊಸದಾಗಿ ತೆಗೆದ್ರು, ವರ್ಷಗಟ್ಟಲೆ ಓಡ್ತು. ನಮ್ಮ ಈ ಚಾನೆಲಲ್ಲಿ ಉಲ್ಟಾ ಆಗಿದೆ, ಬೋರ್ಡ್ ಬಂದಿದೆ, ಸರಕು ಬಂದಿಲ್ಲ.

ಲಾಸ್ ಯಾಕೆ ಆಗುತ್ತೆ ಅನ್ನೋದನ್ನೂ ಹೇಳ್ತೀನಿ, ಬರೀ ಹೊಸ ಮಾಲೀಕರನ್ನ ಬೈದ್ರೆ ಪೂರ್ತಿ ಚಿತ್ರ ಸಿಗಲ್ಲ. ಸಣ್ಣ ಚಾನೆಲ್ಲಿಗೆ ದುಡ್ಡು ಎರಡು ಕಡೆಯಿಂದ, ಆಡ್ ಮತ್ತೆ ಸಬ್‌ಸ್ಕ್ರಿಪ್ಷನ್. ಆಡ್ ಬೇಕು ಅಂದ್ರೆ ಯಾವ ಚಾನೆಲ್ ಎಷ್ಟು ಜನ ನೋಡ್ತಾರೆ ಅಂತ ಅಳೆಯೋ ಬಾರ್ಕ್ ಸಂಸ್ಥೆ ಗುರುವಾರ ಗುರುವಾರ ಕೊಡೋ ರೇಟಿಂಗಲ್ಲಿ ಕಾಣಿಸ್ಕೋಬೇಕು, ಇಡೀ ದೇಶಕ್ಕೆ ಸೇರಿ ಅದನ್ನ ಅಳೆಯೋ ಮೀಟರ್ 2025ರಲ್ಲಿ ಇದ್ದಿದ್ದು ಸುಮಾರು 58 ಸಾವಿರ ಮನೆಲಿ, ಅದ್ರಲ್ಲಿ ಕರ್ನಾಟಕದ ಪಾಲು ಎಷ್ಟಿದ್ದೀತು, ಅಲ್ಲಿ ಕೆಲವೇ ಮನೆಯೋರು ಚಾನೆಲ್ ಬದಲಾಯಿಸಿದ್ರೂ ಸಣ್ಣ ಚಾನೆಲ್ಲಿನ ನಂಬರ್ ಅಲ್ಲಾಡುತ್ತೆ. ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಆಡ್ ಹಾಕೋ ಹಾಗಿಲ್ಲ ಅಂತ ಕೇಬಲ್ ರೂಲ್ಸಲ್ಲಿದೆ, ಅದ್ರಲ್ಲೂ 2 ನಿಮಿಷ ಸ್ವಂತ ಪ್ರೋಮೋಗೆ. ಆ ಕಡೆ ಕೇಬಲ್‌ನೋರಿಗೆ ಚಾನೆಲ್ ತೋರಿಸೋಕೇ ಕ್ಯಾರೇಜ್ ಫೀ ಕೊಡ್ಬೇಕಿತ್ತು, ಮುಂಚೆ ಅದಕ್ಕೆ ಲಂಗು ಲಗಾಮಿರ್ಲಿಲ್ಲ, ಕೇಬಲ್, ಫೋನ್ ಕಂಪನಿಗಳಿಗೆ ರೂಲ್ಸ್ ಮಾಡೋ ಟ್ರಾಯ್ 2017ರಲ್ಲಿ ತಂದ ರೂಲ್ಸಲ್ಲಿ ಒಬ್ಬ ಗ್ರಾಹಕನಿಗೆ ತಿಂಗಳಿಗೆ ಮಾಮೂಲಿ ಪಿಕ್ಚರಿನ ಎಸ್‌ಡಿ ಚಾನೆಲ್ಲಿಗೆ 20 ಪೈಸೆ, ಎಚ್‌ಡಿಗೆ 40 ಪೈಸೆ ಮೀರಬಾರದು ಅಂತ ಮಿತಿ ಬಂತು. 2019ರಿಂದ ಚಾನೆಲ್ ಆರಿಸ್ಕೊಳೋ ಪದ್ಧತಿ ಶುರುವಾದಾಗ ಜನ ದೊಡ್ಡ ನೆಟ್‌ವರ್ಕ್ ಪ್ಯಾಕ್ ತಗೊಂಡ್ರು, ಒಂಟಿ ಚಾನೆಲ್‌ಗಳು ಪಟ್ಟಿಲಿ ಹಿಂದೆ ಬಿದ್ವು. ಬೆಳಗ್ಗೆ ಟೆಲಿಶಾಪಿಂಗ್, ಜ್ಯೋತಿಷ್ಯ ಎಲ್ಲಾ ಸ್ಲಾಟ್ ಮಾರಿ ಸಂಬಳ ಕೊಡೋ ಸ್ಥಿತಿ ಹಳೇ ಮಾಲೀಕರ ಕಾಲದಲ್ಲೇ ಬಂದಿತ್ತು, ಅವ್ರು ಮಾರಿದ್ದು ತಪ್ಪು ಅಂತ ನಾನು ಹೇಳಲ್ಲ.

ದೊಡ್ಡ ನೆಟ್‌ವರ್ಕಿಗೆ ಸೇರಿದ್ರಿಂದ ಈಗ ಅವ್ರ ಪ್ಯಾಕಲ್ಲೇ ಈ ಚಾನೆಲ್ ಎಲ್ಲರ ಮನೆಗೂ ಹೋಗುತ್ತೆ, ಇದು ನಿಜವಾಗ್ಲೂ ಲಾಭ. ಆದ್ರೆ ಅಪಾಯನೂ ಅಲ್ಲೇ ಇದೆ ಅನ್ಸುತ್ತೆ ನಂಗೆ. ಪ್ಯಾಕ್ ಜೊತೆ ತಾನಾಗೇ ಹೋಗೋ ಚಾನೆಲ್ಲಿಗೆ ನೋಡೋರನ್ನ ಗೆಲ್ಲೋ ಒತ್ತಡ ಇರಲ್ಲ, ಲೆಕ್ಕಕ್ಕೊಂದು ಚಾನೆಲ್ ಇದ್ರೆ ಸಾಕು ಅನ್ನೋ ಹಂಗಾಗುತ್ತೆ. ಮೇಲೆ ಇನ್ನೂ ದೊಡ್ಡ ಕೈಬದಲಾವಣೆಗಳು ಆಗ್ತಾನೇ ಇವೆ, 2024ರ ನವೆಂಬರಲ್ಲಿ ರಿಲಯನ್ಸ್ ಮತ್ತೆ ಡಿಸ್ನಿ ಸ್ಟಾರ್ ಒಂದಾದ್ಮೇಲೆ ಅಲ್ಲೀವರೆಗೂ ಎದುರಾಳಿಗಳಾಗಿದ್ದ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಒಂದೇ ಜಿಯೋಸ್ಟಾರ್ ಕೆಳಗೆ ಬಂದ್ವು. ಅಷ್ಟು ದೊಡ್ಡ ಮನೆಗಳ ನಡುವೆ ನಂಬರ್ ಇಲ್ದಿರೋ ಚಾನೆಲ್ ಪರವಾಗಿ ಮುಂಬೈನ ಮೀಟಿಂಗಲ್ಲಿ ಮಾತಾಡೋಕೆ ಒಬ್ರಾದ್ರೂ ಇರ್ತಾರಾ ಅನ್ನೋದೇ ಪ್ರಶ್ನೆ.

ಇನ್ನು ನಂಗೆ ತುಂಬಾ ಹೊಟ್ಟೆ ಉರಿಯೋ ವಿಷಯ, ಹಳೇ ಟೇಪುಗಳು. ಈ ಚಾನೆಲಲ್ಲಿ ಭಾನುವಾರ ಬೆಳಗ್ಗೆ ಜನಪದ ಕಾರ್ಯಕ್ರಮ ಬರ್ತಿತ್ತು, ತತ್ವಪದ, ಗೀಗೀಪದ, ಸೋಬಾನೆ, ಚೌಡಿಕೆ, ಸ್ಟುಡಿಯೋಗೆ ಕರೆಸದೆ ಅವ್ರ ಊರಿಗೇ ಕ್ಯಾಮೆರಾ ತಗೊಂಡು ಹೋಗಿ ಜಗುಲಿ ಮೇಲೆ ಕೂರಿಸಿ ಹಾಡ್ಸಿದಾರೆ. ಅಲ್ಲಿ ಹಾಡಿದ ಎಷ್ಟೋ ವಯಸ್ಸಾದೋರು ಕ್ಯಾಸೆಟ್ ಮಾಡ್ಸಿದೋರಲ್ಲ, ರೇಡಿಯೋಗೆ ಹೋದೋರಲ್ಲ, ಆ ಟೇಪಲ್ಲಿ ಇರೋದೇ ಅವ್ರ ದನಿ. ಹೊಸ ಮಾಲೀಕರು ಅದನ್ನ ಈಗ ಮಧ್ಯಾಹ್ನ ಜಾಗ ತುಂಬೋಕೆ ಹಾಕ್ತಿದಾರೆ, ಹಾಕ್ಲಿ ಸಂತೋಷ, ಆದ್ರೆ ಹೆಂಗೆ ಹಾಕ್ತಿದಾರೆ ನೋಡಿ. ಹಳೇ ಚೌಕದ ಪಿಕ್ಚರನ್ನ ಅಗಲ ಸ್ಕ್ರೀನಿಗೆ ಕೂರಿಸೋಕೆ ಮೇಲೆ ಕೆಳಗೆ ಕತ್ತರಿಸಿದಾರೆ. ಹಾಡೋ ಅಜ್ಜಿಯ ಸೆರಗಿನ ಅಂಚು ಮೇಲ್ಗಡೆ ಹೋಗಿದೆ, ಕೆಳಗೆ ಅವ್ರ ಹೆಸ್ರು, ಊರು, ತಾಲ್ಲೂಕು ಬರೆದಿದ್ದ ಪಟ್ಟಿ ಇತ್ತಲ್ಲ, ಅದು ಪೂರ್ತಿ ಕಟ್ ಆಗಿ ಅಕ್ಷರಗಳ ತಲೆಕಟ್ಟು ಮಾತ್ರ ಕಾಣುತ್ತೆ. ಹಳೇ ಲೋಗೋ ಮುಚ್ಚೋಕೆ ಮೂಲೆಲಿ ಮಬ್ಬು ತೇಪೆ. ಹಾಡು ಉಳೀತು, ಹಾಡಿದೋರ ಹೆಸ್ರು ಹೋಯ್ತು. ಇದನ್ನ ಸರಿ ಮಾಡೋಕೆ ಕೋಟಿ ಬೇಕಿಲ್ಲ, ಪಕ್ಕದಲ್ಲಿ ಎರಡು ಕಪ್ಪು ಪಟ್ಟಿ ಬಿಟ್ಟು ಹಂಗೇ ಹಾಕಿದ್ರೆ ಆಯ್ತು, ಇಲ್ಲ ಹೆಸ್ರನ್ನ ಹೊಸದಾಗಿ ಟೈಪ್ ಮಾಡಿ ಹಾಕ್ಬೇಕು. ನೋಡಿ ಬರೆಯೋ ಜನ ಇನ್ನೂ ಆ ಕಟ್ಟಡದಲ್ಲಿ ಇದಾರೆ, ಅವ್ರನ್ನೂ ಮನೆಗೆ ಕಳ್ಸಿದ ಮೇಲೆ ಯಾವ ಟೇಪಲ್ಲಿ ಯಾರಿದಾರೆ ಅಂತ ಹೇಳೋಕೆ ಯಾರೂ ಉಳಿಯಲ್ಲ.

ಚಾನೆಲ್ ಕೊಳ್ಳೋರು ಅಸಲಿಗೆ ಕೊಳ್ಳೋದು ಪರ್ಮಿಷನ್, ಪಟ್ಟಿಲಿರೋ ಜಾಗ, ಆಮೇಲೆ ಈ ಹಳೇ ಟೇಪುಗಳ ಲೈಬ್ರರಿ. ಮೊದಲ ಎರಡರ ಬೆಲೆ ಅವ್ರಿಗೆ ಗೊತ್ತಿದೆ. ಲೈಬ್ರರಿಗೂ ಬೆಲೆ ಇದೆ ಅನ್ನೋದಕ್ಕೆ ದೂರ ಹೋಗ್ಬೇಕಿಲ್ಲ, ಈಟಿವಿ ಕಾಲದಲ್ಲಿ ಎಸ್ಪಿಬಿ ಅವ್ರು ನಡೆಸ್ತಿದ್ದ 'ಎದೆ ತುಂಬಿ ಹಾಡುವೆನು' ಹೆಸ್ರನ್ನೇ ಕಲರ್ಸ್ ಕನ್ನಡ 2021ರಲ್ಲಿ ವಾಪಸ್ ತಂತು, ಆ ಹೆಸ್ರಿಗೆ ಜನರ ಮನಸ್ಸಲ್ಲಿ ಜಾಗ ಇದ್ದಿದ್ರಿಂದ ತಾನೇ. ನಮ್ಮ ಚಾನೆಲ್ಲಿನ ಭಾನುವಾರದ ಕಾರ್ಯಕ್ರಮಕ್ಕೂ ಅಂಥ ಜಾಗ ಇದೆ. ಅದನ್ನ ಡಿಜಿಟೈಸ್ ಮಾಡಿ, ಊರು ಹೆಸ್ರು ಸಮೇತ ಆ್ಯಪಲ್ಲಿ ಹಾಕಿ, ಯೂನಿವರ್ಸಿಟಿಗಳಿಗೂ ಜಾನಪದ ಅಕಾಡೆಮಿಗೂ ಒಂದು ಕಾಪಿ ಕೊಡ್ಲಿ. ಚಾನೆಲ್ ಮುಚ್ಚಿದ್ರೂ ಅದು ಉಳಿಯುತ್ತೆ.

ತಗೋಬಹುದಾ ಅಂತ ಕೇಳೋರಿಗೆ, ಪ್ಯಾಕಲ್ಲಿ ಬರ್ತಿದ್ರೆ ಇರ್ಲಿ. ಇದೊಂದಕ್ಕೋಸ್ಕರ ದೊಡ್ಡ ಪ್ಯಾಕಿಗೆ ಹೋಗ್ಬೇಡಿ, ಪ್ರತಿ ಪೇ ಚಾನೆಲ್ಲಿಗೂ ಬಿಡಿ ರೇಟ್ ಇರ್ಲೇಬೇಕು ಅಂತ ರೂಲ್ಸಿದೆ, ಆಪರೇಟರ್ ಇಲ್ಲ ಅಂದ್ರೂ ಕೇಳಿ ಹಾಕಿಸ್ಕೊಳ್ಳಿ. ಉಳಿದಿರೋ ಒಂದೆರಡು ಸ್ವಂತ ಸೀರಿಯಲ್ಲನ್ನ ಟಿವಿ ಮೇಲೆ ಟೈಮಿಗೇ ನೋಡಿ, ಇಷ್ಟ ಆದ್ರೆ ಆ ಪ್ರೋಮೋ ಕೆಳಗೆ ಎರಡು ಸಾಲು ಬರೀರಿ, ಕಲಾವಿದರು, ಬರಹಗಾರರು ಅದನ್ನ ಓದ್ತಾರೆ. ಹಬ್ಬದ ಸೀಸನಲ್ಲಿ ಆಡ್ ದುಡ್ಡು ಜಾಸ್ತಿ, ಹೊಸ ಸೀರಿಯಲ್ ತರೋ ಮನಸ್ಸಿದ್ರೆ ದಸರಾ ದೀಪಾವಳಿ ಹೊತ್ತಿಗೆ ಪ್ರೋಮೋ ಶುರುವಾಗ್ಬೇಕು. ಏಳರಿಂದ ಒಂಬತ್ತರ ಒಳಗೆ ಎರಡು ಹೊಸ ಸ್ವಂತ ಸೀರಿಯಲ್ ಬಂದ್ರೆ ಈ ರೇಟಿಂಗ್ 3.5ಕ್ಕೆ ಏರಿಸ್ತೀನಿ, ಆ ಸ್ಲಾಟಿಗೂ ಡಬ್ಬಿಂಗೇ ಬಂದ್ರೆ 1.5.