ಬುಕ್ ಇಲ್ಲದ ಆರ್‌ಎಕ್ಸ್ 100 ತೊಗೊಳ್ಳೋಕೆ ಹೊರಟಿದ್ದೀರಾ? ಮೊದಲು ಇದನ್ನ ಓದಿ

ಕಲಬುರಗಿಯಲ್ಲಿ ಹಳೆ ಬೈಕ್ ಹುಡುಕುತ್ತಿರುವವರು, ಅದರಲ್ಲೂ ಯಮಹಾ ಆರ್‌ಎಕ್ಸ್ 100 ಹುಚ್ಚು ಹತ್ತಿದವರು ದಯವಿಟ್ಟು ಇದನ್ನ ಪೂರ್ತಿ ಓದಿ. ಬುಕ್ ಅಂದರೆ ಆರ್‌ಸಿ, ಗಾಡಿಯ ನೋಂದಣಿ ಪತ್ರ. "ಬುಕ್ ಕಳೆದದ, ಡುಪ್ಲಿಕೇಟ್ ತೆಗಿಸಿಕೊಡ್ತೀನಿ" ಅಂತ ಯಾರಾದರೂ ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಚಹಾ ಕೂಡ ಕುಡಿಯಬೇಡಿ. ನನಗೆ ಚಹಾ ಕುಡಿಸಿಯೇ ಟೋಪಿ ಹಾಕಿದ್ದು.

ಅವನ ಹೆಸರು ಬರೆಯೋಲ್ಲ. ಠಾಣೆಗೆ ಅರ್ಜಿ ಕೊಟ್ಟಿದ್ದೇನೆ, ಅಲ್ಲಿ ಹೆಸರು ಬರೆದಾಗಿದೆ. ಹಳೆ ಗಾಡಿ ವ್ಯವಹಾರದವನು, ರಿಂಗ್ ರೋಡ್ ಕಡೆ ಕೂತಿರುತ್ತಾನೆ. ಅಷ್ಟು ಸಾಕು.

ಗಾಡಿ 1992ರ ಮಾಡೆಲ್ ಅಂದಿದ್ದ. ಕಪ್ಪು ಬಣ್ಣ, ಸೊಲ್ಲಾಪುರದ ಎಂಎಚ್ 13 ಪ್ಲೇಟು. ಒಂದೇ ಕಿಕ್‌ಗೆ ಶುರುವಾಯಿತು. ಆ ಸದ್ದು ಗೊತ್ತಿರುವವರಿಗೆ ಗೊತ್ತು, ಬಿಡಿ. ಬುಕ್ ಇರುವ ಇಂಥದ್ದೇ ಗಾಡಿಗೆ ಜನ ಈಗ ಲಕ್ಷದ ಮೇಲೆ ಕೇಳುತ್ತಾರೆ. ಇವನು ಕೇಳಿದ್ದು 48 ಸಾವಿರ. ಆರ್‌ಸಿ ಖರ್ಚು ಅಂತ ಬೇರೆ 12 ಸಾವಿರ. ನಾನು ನೇರವಾಗಿಯೇ ಕೇಳಿದೆ, ಬುಕ್ ಇಲ್ಲದೆ ಹೆಂಗೆ ಅಂತ.

"ಅಣ್ಣಾ, ನೀವು ಟೆನ್ಶನ್ ತೊಗೋಬ್ಯಾಡ್ರಿ. ಬುಕ್ ಹೋಗ್ಯಾದ, ಮಾಲಕ ಎಲ್ಲಿ ಹೋಗ್ಯಾನ? ಸೊಲ್ಲಾಪುರದಾಗೇ ಇದ್ದಾನ. ಸಹಿ ಮಾಡಿಸ್ಕೊಂಡು ಬರ್ತೀನಿ. ನಾ ಇದ್ದೀನಲ್ಲ."

ಈ "ನಾ ಇದ್ದೀನಲ್ಲ" ಅನ್ನೋ ಮಾತನ್ನ ಆಮೇಲೆ ಎಷ್ಟು ಸಲ ಕೇಳಿದೆನೋ.

ದುಡ್ಡು ಎಣಿಸಿಕೊಂಡು ನೂರು ರೂಪಾಯಿ ಬಾಂಡ್ ಮೇಲೆ ಬರೆದುಕೊಟ್ಟ. ನೋಟರಿ ಸಿಕ್ಕಾ, ಇಬ್ಬರು ಸಾಕ್ಷಿ, ಎಲ್ಲ ಜೋರು. "ಬಾಂಡ್ ಇದ್ರ ಪೊಲೀಸ್ರು ಏನೂ ಅನ್ನಂಗಿಲ್ಲ" ಅಂದ. ಸುಳ್ಳು. ನೋಟರಿ ಬಾಂಡ್‌ನಿಂದ ಗಾಡಿ ಯಾರ ಹೆಸರಿಗೂ ಆಗೋಲ್ಲ. ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಲೆಕ್ಕಕ್ಕೆ ಅವನೇ ಮಾಲೀಕ. ಅಪಘಾತ ಆದರೆ ಪರಿಹಾರಕ್ಕೂ ಅವನನ್ನೇ ಹಿಡಿಯುತ್ತಾರೆ, 2018ರಲ್ಲಿ ಸುಪ್ರೀಂ ಕೋರ್ಟೇ ಹೀಗೆ ಹೇಳಿದೆ. ಈ ಬಾಂಡ್‌ನಲ್ಲಿ ಸಹಿ ಮಾಡಿದವನು ಆ ಮಾಲೀಕ ಅಲ್ಲವೇ ಅಲ್ಲ. ಅವನಿಂದ ತೊಗೊಂಡವನಿಂದ ತೊಗೊಂಡವನು. ಬಾಂಡ್ ಮೇಲೆ ಬಾಂಡ್, ಬುಕ್ ಮಾತ್ರ ಇಲ್ಲ.

ಆಮೇಲೆ ಶುರುವಾಯಿತು ನೋಡಿ. ಫೋನ್ ಮಾಡಿದರೆ "ನಾಳಿ". ಅಂಗಡಿಗೆ ಹೋದರೆ "ಏಜೆಂಟ್ ಕಡೆ ಫೈಲ್ ಅದ". ಗಾಡಿ ದಾಖಲೆ ತೋರಿಸೋ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಪ್ಲೇಟಿನ ನಂಬರ್ ಹಾಕಿದರೆ ಏನೂ ಬರಲಿಲ್ಲ. ಕೇಳಿದ್ದಕ್ಕೆ, "ಹಳೇ ಗಾಡಿ ಅಣ್ಣಾ, ಕಂಪ್ಯೂಟರ್‌ನಾಗ ಇರಂಗಿಲ್ಲ" ಅಂದ. ಇದರಲ್ಲಿ ಅರ್ಧ ನಿಜ ಇದೆ. ಅದಕ್ಕೇ ಇಂಥವರ ಮಾತು ನಂಬಿಕೆ ಹುಟ್ಟಿಸೋದು. ಎಷ್ಟೋ ಹಳೆ ಗಾಡಿಗಳ ದಾಖಲೆ ಇನ್ನೂ ಆನ್‌ಲೈನ್‌ಗೆ ಏರಿಲ್ಲ. ಆದರೆ ಏರಿಸಬೇಕು ಅಂದರೆ ಮೂಲ ಬುಕ್ ತೊಗೊಂಡು ರಿಜಿಸ್ಟರ್ ಆದ ಆಫೀಸಿಗೇ ಹೋಗಬೇಕು. ಮತ್ತೆ ಬಂತಲ್ಲ ಬುಕ್!

ಮಾಲೀಕನ ಫೋನ್ ನಂಬರ್ ಕೊಡು ಅಂದೆ. "ಮಾಲಕ ತೀರ್ಕೊಂಡಾನ್ರಿ ಅಣ್ಣಾ, ಪಾಪ." ಹೋದ ವಾರ ಸಹಿ ಮಾಡಲಿಕ್ಕೆ ರೆಡಿ ಇದ್ದ ಮನುಷ್ಯ! ಹಂಗಾದರೆ ಅವರ ಮಕ್ಕಳ ಸಹಿ ಬೇಕಲ್ವಾ, ಮರಣ ಪ್ರಮಾಣಪತ್ರ ಬೇಕಲ್ವಾ, ವಾರಸುದಾರರ ಹೆಸರಿಗೆ ಮಾಡೋ ಫಾರ್ಮ್ 31 ಹಾಕಬೇಕಲ್ವಾ ಅಂದರೆ ಕಥೆ ಮತ್ತೆ ಬದಲಾಯಿತು. "ಖರೇ ಹೇಳ್ತೀನಿ ಅಣ್ಣಾ, ಇದು ಠಾಣೆ ಹರಾಜಿನ್ಯಾಗ ಬಂದ ಗಾಡಿ." ಹರಾಜಿನ ಗಾಡಿಗೂ ಕಾಗದ ಇರುತ್ತದೆ. ಹರಾಜಿನ ಆದೇಶ ಇರುತ್ತದೆ, ಅದಕ್ಕಂತಲೇ ಫಾರ್ಮ್ 32 ಇದೆ. ತೋರಿಸು ಅಂದೆ. "ನೀವು ಭಾಳ ಕಾನೂನು ಮಾತಾಡ್ತೀರಿ" ಅಂದು ಫೋನ್ ಇಟ್ಟ.

ಅಷ್ಟರಲ್ಲಿ ಒಂದು ದಿನ ವಾಟ್ಸಾಪ್‌ನಲ್ಲಿ ಫೋಟೋ ಬಂತು. "ಬುಕ್ ಬಂತು ಅಣ್ಣಾ. ಪೇಢಾ ತರ್ರಿ."

ನಿಜವಾದ ಆರ್‌ಸಿ. ಕೆಎ 32, ನಮ್ಮ ಕಲಬುರಗಿ ನಂಬರ್. ಎನ್‌ಒಸಿ (ಹಳೆ ಆರ್‌ಟಿಓದ ನಿರಾಕ್ಷೇಪಣಾ ಪತ್ರ) ಆಗಿ ಹೊಸ ನಂಬರ್ ಬಿದ್ದಿದೆ ಅಂದುಕೊಂಡು ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ಭಾವನಿಗೂ ಕಳಿಸಿದೆ. ಅವರು ಒಂದೇ ಸಾಲು ಬರೆದರು: "ಹೆಸರು ಯಾರದು?" ನನ್ನ ಹೆಸರಲ್ಲ. ಯಾರೋ ಏನೋ. ಒಂದು ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಗಾಡಿಯ ಹ್ಯಾಂಡಲ್ ಕೆಳಗೆ, ಸ್ಟೀರಿಂಗ್ ಪೈಪ್ ಮೇಲೆ ಉಜ್ಜಿದೆ. ಚಾಸಿ ನಂಬರ್, ಅಂದರೆ ಗಾಡಿಯ ಚೌಕಟ್ಟಿನ ಗುರುತಿನ ನಂಬರ್ ಹೊಡೆದಿರೋದು ಅಲ್ಲೇ. ಕಾಗದ ಇಟ್ಟು ಪೆನ್ಸಿಲ್‌ನಿಂದ ಉಜ್ಜಿ ನಂಬರ್ ತೆಗೆದೆ. ಫೋಟೋದಲ್ಲಿ ಇರೋದೇ ಬೇರೆ, ಗಾಡಿ ಮೇಲೆ ಇರೋದೇ ಬೇರೆ. ಇಂಜಿನ್ ನಂಬರ್ರೂ ಬೇರೆ. ಭಾವ ಪಕ್ಕದಲ್ಲೇ ನಿಂತಿದ್ದರು. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು.

ಫೋನ್ ಹಚ್ಚಿದೆ. ಅವನಿಗೆ ಗಾಬರಿ ಇಲ್ಲ, ನಾಚಿಕೆ ಇಲ್ಲ.

"ನಂಬರ್ ಬ್ಯಾರೆ ಇದ್ರ ಏನಾತು ಅಣ್ಣಾ? ಅದೇ ಕಂಪನಿ, ಅದೇ ಮಾಡೆಲ್. ಹಳೇದು ಉಜ್ಜಿ ಹೊಸ ನಂಬರ್ ಹೊಡಿಯೋ ಹುಡುಗ ಇದ್ದಾನ. ಎರಡು ಸಾವಿರ ಕೊಡ್ರಿ, ಕಂಪನಿ ಹೊಡದಂಗ ಹೊಡಿತಾನ."

"ಇದು ಕಳ್ಳತನ ಅಲ್ಲೇನ್ರಿ?"

"ಕಳ್ಳತನ ಯಾಕಾಗ್ತದ? ಆ ಗಾಡಿ ಗುಜರಿಗೆ ಹೋಗಿ ಯಾವ ಕಾಲ ಆತು. ಬುಕ್ ಅಷ್ಟೇ ಉಳದದ. ಸತ್ತವನ ರೇಷನ್ ಕಾರ್ಡ್ ಯಾರರೆ ವಾಪಸ್ ಕೇಳ್ತಾರೇನ್ರಿ?"

ಎರಡು ಸಾವಿರ ಕೊಡ್ರಿ ಅಂದ. ಇನ್ನೂ ಎರಡು ಸಾವಿರ! 60 ಸಾವಿರ ನುಂಗಿ, ಅದರ ಮೇಲೆ ನನ್ನ ಕೈಯಿಂದಲೇ ಅಪರಾಧ ಮಾಡಿಸಲಿಕ್ಕೆ ಎರಡು ಸಾವಿರ. ಅವನ ಪ್ರಕಾರ ಇದು ಸಹಾಯ. "ನಿಮಗಂತ ಕಡಿಮಿ ಹೇಳೀನಿ" ಅಂತ ಬೇರೆ ಅಂದ.

ಗುಜರಿ ಗಾಡಿಯ ಬುಕ್ ಇಟ್ಟುಕೊಂಡು ಅದನ್ನ ಬುಕ್ ಇಲ್ಲದ ಗಾಡಿಗೆ ಅಂಟಿಸೋದು, ಇದೇ ಇವರ ದಂಧೆ. ಬುಕ್ ಇಲ್ಲದ ಗಾಡಿ ಎಲ್ಲಿಂದ ಬರುತ್ತದೆ ಅಂತ ನೀವೇ ಯೋಚಿಸಿ. ನಮ್ಮದು ಗಡಿ ಜಿಲ್ಲೆ. ಆಳಂದ ದಾಟಿದರೆ ಮಹಾರಾಷ್ಟ್ರ, ಸೇಡಂ ದಾಟಿದರೆ ತೆಲಂಗಾಣ. ಅಲ್ಲಿ ಕಳೆದದ್ದು ಇಲ್ಲಿ ಸಿಗುತ್ತದೆ, ಇಲ್ಲಿ ಕಳೆದದ್ದು ಅಲ್ಲಿ. ಕದ್ದ ಮಾಲು ಅಂತ ನಂಬಲು ಕಾರಣ ಇದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಇದೆ. ಆಗ ಠಾಣೆಗೆ ಹೋಗೋದು ಅವನಲ್ಲ, ನಾವು.

ಆರ್‌ಟಿಓ ಕೌಂಟರ್‌ನಲ್ಲಿ ಕೇಳಿದಾಗ ಅಲ್ಲಿದ್ದವರು ಒಂದೇ ಮಾತಿನಲ್ಲಿ ಮುಗಿಸಿದರು. "ಡುಪ್ಲಿಕೇಟ್ ಆರ್‌ಸಿಗೆ ಅರ್ಜಿ ಹಾಕೋದು ಮಾಲೀಕರು. ನೀವ್ಯಾರ್ರಿ?" ಫಾರ್ಮ್ 26, ಬುಕ್ ಕಳೆದ ಬಗ್ಗೆ ಪೊಲೀಸರ ಕಾಗದ, ಮಾಲೀಕನ ಸಹಿ, ಅದೂ ಗಾಡಿ ರಿಜಿಸ್ಟರ್ ಆದ ಆಫೀಸಿನಲ್ಲಿ. ಅಂದರೆ ಸೊಲ್ಲಾಪುರ ಗಾಡಿಗೆ ಸೊಲ್ಲಾಪುರವೇ. ಅದು ಸಿಕ್ಕ ಮೇಲೂ ಮುಗಿಯೋಲ್ಲ. 15 ವರ್ಷ ದಾಟಿದ ಗಾಡಿಗೆ ರಿನ್ಯೂವಲ್ ಆಗಿರಬೇಕು, ಅದು ಐದೈದು ವರ್ಷಕ್ಕೆ. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟಿನಿಂದ ರಿನ್ಯೂವಲ್ ಫೀಸೇ 2,000 ರೂಪಾಯಿ. ಆಮೇಲೆ ಅಲ್ಲಿಂದ ಫಾರ್ಮ್ 28ರಲ್ಲಿ ಎನ್‌ಒಸಿ, ಇಲ್ಲಿ ಟ್ಯಾಕ್ಸ್, ಹೆಸರು ಬದಲಾವಣೆಗೆ ಫಾರ್ಮ್ 29, 30. ಪ್ರತಿ ಹೆಜ್ಜೆಗೂ ದಾಖಲೆಯಲ್ಲಿ ಇರುವ ಮಾಲೀಕನೇ ಬೇಕು. ಅವನು ಸಿಗದಿದ್ದರೆ ಯಾವ ಏಜೆಂಟ್ ಕೈಯಲ್ಲೂ ಸರಿದಾರಿಯಲ್ಲಿ ಆಗೋಲ್ಲ. ಆಗುತ್ತದೆ ಅಂದವನು ಉಜ್ಜಿ ಹೊಡೆಯೋ ಹುಡುಗನ ಗೆಳೆಯ.

ಅದಕ್ಕೆ ನನ್ನ ಮಾತು ಇಷ್ಟೇ. ಮಾಲೀಕನನ್ನ ಕಣ್ಣಾರೆ ನೋಡದೆ, ಅವನ ಆಧಾರ್ ನೋಡದೆ ಒಂದು ರೂಪಾಯಿ ಕೊಡಬೇಡಿ. ಚಾಸಿ ನಂಬರ್ ನೀವೇ ಉಜ್ಜಿ ತೆಗೀರಿ. ಉಜ್ಜಲಿಕ್ಕೆ ಬಿಡದವನ ಹತ್ತಿರ ವ್ಯವಹಾರ ಬೇಡ. ಮೆಸೇಜ್ ಅಳಿಸಬೇಡಿ, ನನಗೆ ಈಗ ಅವೇ ಆಧಾರ.

ಗಾಡಿ ವಾಪಸ್ ಕೊಟ್ಟೆ. ಪೊಲೀಸರ ಹೆಸರು ಹೇಳಿದ ಮೇಲೆ 30 ಸಾವಿರ ಕೈಗಿಟ್ಟ. ಉಳಿದದ್ದು "ನಾಳಿ". ಮೊನ್ನೆ ಅದೇ ಗಾಡಿ ಮತ್ತೆ ಮಾರಾಟಕ್ಕೆ ಬಂದಿದೆ, "ಪೇಪರ್ ಕ್ಲಿಯರ್" ಅಂತ ಬರೆದು. ಈಗ ಕೆಎ 32 ಪ್ಲೇಟು ಹಾಕಿದ್ದಾನೆ. ಟ್ಯಾಂಕಿನ ಎಡಗಡೆ ಹೆಬ್ಬೆರಳಿನಷ್ಟು ತಗ್ಗು ಇದೆ, ಕಿಕ್ಕರ್ ರಬ್ಬರ್ ಇಲ್ಲ, ಸೀಟಿನ ಹಿಂದೆ ಕೆಂಪು ದಾರದ ಹೊಲಿಗೆ. ಕಂಡರೆ ಸ್ಟೀರಿಂಗ್ ಪೈಪ್ ಮೇಲೆ ಬೆರಳಾಡಿಸಿ ನೋಡಿ. ಹೊಸದಾಗಿ ಉಜ್ಜಿದ್ದರೆ ಫೋಟೋ ತೆಗೆದು ಸೀದಾ ಠಾಣೆಗೆ ಕೊಡಿ.