ಮೇಲೆ ಹೊಸ ಉಸುಕು, ಕೆಳಗೆ ಕಲ್ಲಿನಂಥ ಎರೆ ಮಣ್ಣು: ಲಾಂಗ್ ಜಂಪ್ ಗುಂಡಿಗೆ ಇಳಿಯುವ ಮುನ್ನ

ಧಾರವಾಡ ಭಾಗದ ಒಂದು ವಿಶ್ವವಿದ್ಯಾಲಯದ ಮೈದಾನ. ಅಂತರ ಕಾಲೇಜು ಕ್ರೀಡಾಕೂಟಕ್ಕೆ ತಂಡ ಆರಿಸುವ ಟ್ರಯಲ್ಸ್. ವಾರವಿಡೀ ಜಿಟಿಜಿಟಿ ಮಳೆ ಹಿಡಿದು, ಆಮೇಲೆ ಎರಡು ದಿನ ಬಿಸಿಲು ಬಿದ್ದಿತ್ತು. ಟ್ರ್ಯಾಕಿಗೆ ಬೆಳ್ಳನೆಯ ಹೊಸ ಗೆರೆ, ಲಾಂಗ್ ಜಂಪ್ ಗುಂಡಿಗೆ ಹೊಸ ಉಸುಕು. ದೂರದಿಂದ ನೋಡಿದರೆ ಎಲ್ಲ ಚೆಂದ. ಮೊದಲ ಜಿಗಿತ ಮುಗಿಸಿ ಎದ್ದ ಹುಡುಗಿ "ಕೆಳಗ ಭಾಳ ಗಟ್ಟಿ ಐತ್ರಿ ಸರ್" ಅಂದಳು. "ಏನೂ ಆಗಂಗಿಲ್ಲ ಜಿಗಿಯವಾ, ನಿನ್ನೆನ ಉಸುಕ ಹಾಕ್ಸೇವಿ" ಎಂಬ ಉತ್ತರ ಬಂತು. ಎರಡನೇ ಜಿಗಿತಕ್ಕೆ ಹಿಮ್ಮಡಿ ನಾಲ್ಕು ಬೆರಳು ಇಳಿದು ಗಕ್ಕನೆ ನಿಂತಿತು. ಮೈ ಮುಂದೆ ಹೋಯಿತು, ಪಾದ ಅಲ್ಲೇ ಉಳಿಯಿತು. ಬಲಗಾಲಿನ ಹರಡಿನ (ಪಾದದ ಕೀಲಿನ) ಎಲುಬು ಮುರಿದು ಆರು ವಾರ ಪ್ಲಾಸ್ಟರ್.

ಆಮೇಲೆ ಸಲಿಕೆ ಹಾಕಿದಾಗ ಕಂಡದ್ದಿಷ್ಟು: ಮೇಲೆ ಆರು ಸೆಂಟಿಮೀಟರ್ ಸಡಿಲ ಉಸುಕು, ಅದರ ಕೆಳಗೆ ಎರೆ (ಕಪ್ಪು, ಜಿಗುಟು) ಮಣ್ಣು ಬೆರೆತು ಹಪ್ಪಳದಂತೆ ಬಿಗಿದ ಹಳೆಯ ಉಸುಕು. ಸಲಿಕೆ ಠಣ್ ಎಂದಿತು.

ಆರೇ ಸೆಂಟಿಮೀಟರ್ ಯಾಕೆ? ಲೆಕ್ಕ ಸರಳ. ಗುಂಡಿ 2.75 ಮೀಟರ್ ಅಗಲ, 8 ಮೀಟರ್ ಉದ್ದ, ಅಂದರೆ 22 ಚದರ ಮೀಟರ್. ಅದಕ್ಕೆ ಅರ್ಧ ಬ್ರಾಸ್ (ಒಂದು ಬ್ರಾಸ್ ಅಂದರೆ ನೂರು ಘನ ಅಡಿ, ಸುಮಾರು 2.83 ಘನ ಮೀಟರ್) ಉಸುಕು ಸುರಿದರೆ ಆರು ಸೆಂಟಿಮೀಟರ್ ಚಿಲ್ಲರೆ ದಪ್ಪ ಹರಡುತ್ತದೆ, ಮುಗಿಯಿತು. ಅಂಚಿನಲ್ಲೇ ಕನಿಷ್ಠ 30 ಸೆಂಟಿಮೀಟರ್ ಆಳ ಬೇಕು, ನಡುವೆ ಇನ್ನೂ ಸ್ವಲ್ಪ ಹೆಚ್ಚು. ಅಷ್ಟಕ್ಕೆ ಎರಡೂಕಾಲು ಬ್ರಾಸ್‌ಗಿಂತ ಜಾಸ್ತಿಯೇ ಹಿಡಿಯುತ್ತದೆ. "ಗುಂಡಿ ತುಂಬಿಸಿದ್ದೇವೆ" ಎಂದು ಯಾರಾದರೂ ಹೇಳಿದರೆ ಎಷ್ಟು ಬ್ರಾಸ್ ಬಂತು, ಹಳೆಯದನ್ನು ತೆಗೆದಿರೋ ಇಲ್ಲವೋ ಎಂದು ಕೇಳಿ. ಆ ಎರಡು ಪ್ರಶ್ನೆಗೆ ಉತ್ತರ ಬಾರದಿದ್ದರೆ ಮೇಲೆ ಪೌಡರ್ ಬಳಿದಿದ್ದಾರೆ ಎಂದೇ ಅರ್ಥ. ಉಸುಕಿನಲ್ಲಿ ಪಾದ ಇಳಿಯುತ್ತ ಹೋದಷ್ಟು ದೂರವೂ ಕೀಲಿನ ಮೇಲಿನ ಹೊಡೆತ ಹಂಚಿಹೋಗುತ್ತದೆ. ನಿಲ್ಲುವ ದೂರ ಅರ್ಧಕ್ಕಿಳಿದರೆ ಹೊಡೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ನಮ್ಮ ಕಡೆ ಇದು ಹೆಚ್ಚಾಗಿ ಆಗುವುದಕ್ಕೆ ಮಣ್ಣೂ ಕಾರಣ. ಧಾರವಾಡದ ಪಶ್ಚಿಮಕ್ಕೆ ಮಸಾರಿ (ಕೆಂಪು ಮಣ್ಣು) ಸಿಕ್ಕರೂ ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ನವಲಗುಂದ, ಗದಗದ ಕಡೆ ಹೋದಂತೆ ಎರೆಯೇ ಎರೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಗುಂಡಿಯ ಸುತ್ತ ಕಟ್ಟೆ ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೇ ಸುತ್ತಲಿನ ಎರೆ ಹರಿದುಬಂದು ಉಸುಕಿನೊಳಗೆ ಕೂಡುತ್ತದೆ. ತಳದಲ್ಲಿ ಜಲ್ಲಿ ಹಾಕಿ ನೀರು ಹೊರಹೋಗಲು ಪೈಪು ಬಿಟ್ಟಿರದಿದ್ದರೆ ಆ ನೀರು ಅಲ್ಲೇ ನಿಂತು, ಇಂಗಿ, ಒಣಗಿ, ಕೆಳಗೆ ಗಾರೆಯಂಥ ಪದರ ಕಟ್ಟುತ್ತದೆ. ಹೊಳೆ ಉಸುಕು ತುಟ್ಟಿ ಎಂದು ಕ್ರಷರ್ ಪುಡಿ (ಯಂತ್ರದಲ್ಲಿ ಕಲ್ಲು ಒಡೆದ ಪುಡಿ) ಹಾಕಿಸಿದ್ದರಂತೂ ಇನ್ನೂ ಕೆಟ್ಟದ್ದು. ಅದರ ಕಾಳು ಮೊನಚು, ಪುಡಿ ಹೆಚ್ಚು. ತೊಯ್ದು ಒಣಗಿದರೆ ಕಚ್ಚಿ ಕೂರುತ್ತದೆ, ತೊಡೆಯ ಚರ್ಮವನ್ನೂ ಕೆರೆಯುತ್ತದೆ.

ಪರೀಕ್ಷೆಗೆ ಐದು ನಿಮಿಷ ಸಾಕು. ಎಂಟು ಎಂ.ಎಂ.ನ ಕಬ್ಬಿಣದ ಸರಳಿಗೆ 30 ಸೆಂಟಿಮೀಟರ್ ಗುರುತಿಗೆ ಟೇಪ್ ಸುತ್ತಿ. ನೀವು ಇಳಿಯುವ ಜಾಗದಲ್ಲಿ, ಅಂದರೆ ನಿಮ್ಮ ಸಾಮಾನ್ಯ ದೂರದ ಅರ್ಧ ಮೀಟರ್ ಹಿಂದೆ ಮುಂದೆ, ಐದಾರು ಕಡೆ ಕೈಯಿಂದಲೇ ಒತ್ತಿ. ಹದವಾದ ಉಸುಕಿನಲ್ಲಿ ಸರಳು ತುಸು ತಿರುವುತ್ತ ಒತ್ತಿದರೆ ಟೇಪಿನವರೆಗೆ ಹೋಗುತ್ತದೆ. ಹತ್ತು ಸೆಂಟಿಮೀಟರಿಗೇ ತಡೆದು ನಿಂತರೆ ಜಿಗಿಯಬೇಡಿ, ಯಾರು ಏನೇ ಅನ್ನಲಿ. ಸರಳು ಹಾಕುವುದರಲ್ಲಿ ಇನ್ನೊಂದು ಲಾಭವಿದೆ: ಗಾಜು, ಮೊಳೆ, ರಾತ್ರಿ ಪಾರ್ಟಿಯವರು ಹೂತ ಬಾಟಲಿ ಮುಚ್ಚಳ ಕೆಲವೊಮ್ಮೆ ತಾಗುತ್ತವೆ. (ನಾಯಿ, ಬೆಕ್ಕಿನ ಹೊಲಸಿನ ಮಾತು ಬೇರೆ. ರಾತ್ರಿ ತಾಡಪತ್ರಿ ಮುಚ್ಚದ ಗುಂಡಿಯಲ್ಲಿ ಅದು ಇದ್ದೇ ಇರುತ್ತದೆ.)

ಉಸುಕಿನ ಗುಣ ತಿಳಿಯಲು ಹಿಡಿಯಷ್ಟು ಒದ್ದೆ ಉಸುಕನ್ನು ಉಂಡೆ ಕಟ್ಟಿ ಬಿಸಿಲಿಗಿಡಿ. ಒಣಗಿದ ಮೇಲೆ ಬೆರಳು ತಾಗಿದೊಡನೆ ಪುಡಿಯಾದರೆ ಸರಿ. ಗೋಲಿಯಂತೆ ಗಟ್ಟಿ ನಿಂತರೆ ಮಣ್ಣು ಸೇರಿದೆ. ಕಾಳು ಎರಡು ಎಂ.ಎಂ. ಮೀರಬಾರದು, ತೊಳೆದ ಹೊಳೆ ಉಸುಕಾಗಿರಬೇಕು. ಮಣ್ಣು ಸೇರಿದ್ದರೆ ಮೇಲೆ ಸುರಿಯುವುದು ಪರಿಹಾರವೇ ಅಲ್ಲ. ಹಳೆಯದನ್ನು ಪೂರ್ತಿ ತೆಗೆದು, ತಳದ ಜಲ್ಲಿ ತೊಳೆದು, ಹೊಸದನ್ನು ತುಂಬಬೇಕು. ಮಣ್ಣು ಸೇರದೆ ಬರೀ ಬಿಗಿದಿದ್ದರೆ ಪೂರ್ತಿ ಆಳಕ್ಕೆ ಗುದ್ದಲಿಯಿಂದ ಕಡಿದು, ತಿರುವಿ, ನೀರು ಚಿಮುಕಿಸಿ, ಹಲಗೆಯಿಂದ ಟೇಕ್-ಆಫ್ ಬೋರ್ಡಿನ (ಕಾಲಿಟ್ಟು ಜಿಗಿಯುವ ಹಲಗೆಯ) ಮಟ್ಟಕ್ಕೆ ಎಳೆಯಬೇಕು. ಗರಡಿಮನೆಯಲ್ಲಿ ಪೈಲ್ವಾನರು ಮಣ್ಣು ಕಡಿದು ಹದ ಮಾಡದೆ ಕುಸ್ತಿಗೆ ಇಳಿಯುವುದಿಲ್ಲ. ಅದೇ ಊರುಗಳ ಕಾಲೇಜು ಮೈದಾನಗಳಲ್ಲಿ ಈ ಶಿಸ್ತು ಯಾಕಿಲ್ಲವೋ!

ಬೋರ್ಡನ್ನೂ ನೋಡಿ. ಅದು 1.22 ಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಹಲಗೆ. ಓಡಿ ಬರುವ ದಾರಿಯ ಮಟ್ಟಕ್ಕೆ ಸಮವಾಗಿರಬೇಕು. ಅದಕ್ಕೆ ತಾಗಿ, ಓಡಿ ಬರುವ ಬದಿಯ ಗರಸು (ಜಲ್ಲಿ ಮಿಶ್ರಿತ ಗಟ್ಟಿ ಮಣ್ಣು) ಮಳೆಗೆ ಕೊಚ್ಚಿಹೋದರೆ ಹಲಗೆಯ ಅಂಚು ಒಂದು ಇಂಚು ಎದ್ದು ನಿಲ್ಲುತ್ತದೆ, ಪೂರ್ತಿ ವೇಗದಲ್ಲಿ ಬರುವ ಕಾಲಿನ ತುದಿ ಅಲ್ಲೇ ಎಡವುತ್ತದೆ. ಗುಂಡಿಯಿಂದ ಬೋರ್ಡು 1ರಿಂದ 3 ಮೀಟರ್ ದೂರ ಇರಬಹುದು. 3 ಮೀಟರಿಗೆ ಹುಗಿದ ಒಂದೇ ಬೋರ್ಡಿದ್ದರೆ ಹೊಸಬರು ಗುಂಡಿಯ ಸಿಮೆಂಟ್ ಅಂಚಿನ ಮೇಲೇ ಬೀಳಬಹುದು. ಅಂಥವರಿಗೆ 1 ಮೀಟರಿಗೆ ಗೆರೆ ಹಾಕಿಸಿ. ಎರೆಯ ಮೇಲೆ ಎರಡಿಂಚು ಗರಸು ಹರಡಿ ರೋಲರ್ ಓಡಿಸಿದ ದಾರಿ ಒಂದು ಬೇಸಿಗೆಗೆ ಬಿರಿಯುತ್ತದೆ. ಬೆರಳು ಹೋಗುವಷ್ಟು ಬಿರುಕು ಕಂಡರೆ ಸ್ಪೈಕ್ಸ್ (ಮೊಳೆಗಳ ಬೂಟು) ಹಾಕಿ ಓಡಬೇಡಿ.

ಗೆರೆಗೆ ಹಾಕಿದ ಪುಡಿ ಯಾವುದೆಂದೂ ಕೇಳಿ. ಚಾಕ್ ಪುಡಿಯಾದರೆ ಚಿಂತೆಯಿಲ್ಲ. ಗೋಡೆಗೆ ಬಳಿಯುವ ಸುಣ್ಣವಾದರೆ ಬೆವರಿದ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ: ಉಜ್ಜದೆ, ಕನಿಷ್ಠ ಇಪ್ಪತ್ತು ನಿಮಿಷ ಹರಿಯುವ ನೀರು ಹಿಡಿದು ಆಸ್ಪತ್ರೆಗೆ ಹೋಗಿ.

 

ಮೇಲಿನ ಪ್ರಕರಣದಲ್ಲಿ ಬಿದ್ದ ಮೇಲೂ ತಪ್ಪು ನಡೆಯಿತು. ಇಬ್ಬರು ಅವಳನ್ನು ಹೆಗಲು ಕೊಟ್ಟು ನಡೆಸಿದರು, ಒಬ್ಬರು ಕಾಲು ನೀವಿದರು. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಇಲ್ಲವೇ ಹರಡಿನ ಎಲುಬಿನ ಮೇಲೆ ಒತ್ತಿದಾಗ ನೋವಾದರೆ ಎಕ್ಸ್-ರೇ ಆಗುವವರೆಗೆ ನಡೆಸಕೂಡದು, ನೀವಕೂಡದು, ಎಳೆದು ಕೂಡಿಸಕೂಡದು. ಬೂಟಿನ ದಾರ ಸಡಿಲಿಸಿ, ಎರಡೂ ಬದಿಗೆ ದಪ್ಪ ರಟ್ಟು ಇಟ್ಟು ಬಟ್ಟೆ ಸುತ್ತಿ, ಬಟ್ಟೆಯಲ್ಲಿ ಕಟ್ಟಿದ ಬರ್ಫು 15–20 ನಿಮಿಷ ಇಟ್ಟು 108ಕ್ಕೆ ಕರೆ ಮಾಡಿ. ಆ ದಿನ ಅಂಬ್ಯುಲೆನ್ಸ್ ಬಂದರೂ ಮೈದಾನದ ದೊಡ್ಡ ಗೇಟಿಗೆ ಕೀಲಿ ಬಿದ್ದಿತ್ತು, ಕೀಲಿಕೈ ಇದ್ದವರು ರಜೆ ಎಂದು ಊರಿಗೆ ಹೋಗಿದ್ದರು. ಕೊನೆಗೆ ಹುಡುಗರು ಬೆಂಚಿನ ಮೇಲೆ ಮಲಗಿಸಿ, ಕಾಂಪೌಂಡಿನ ಸಣ್ಣ ಗೇಟಿನಿಂದ ಹೊತ್ತು ತಂದರು. ನಿಮ್ಮ ಟ್ರಯಲ್ಸ್ ರವಿವಾರ ಇದ್ದರೆ ಶನಿವಾರ ಸಂಜೆಯೇ ಆ ಕೀಲಿಕೈ ಯಾರ ಕಡೆ ಐತಿ ಅಂತ ವಿಚಾರಿಸಿಟ್ಟುಕೊಳ್ಳಿ.